ಕಡತ ಹೊತ್ತವರ ಕೂಲಿ

ಕಾಗದ ಯಾರ ಕೈಯಲ್ಲಿತ್ತೋ ಭೂಮಿಯೂ ಅವರ ಕೈಯಲ್ಲೇ ಇತ್ತು. ಕರಾವಳಿಯ ಭೂಮಿಯ ಚರಿತ್ರೆಯನ್ನು ಒಂದೇ ಮಾತಲ್ಲಿ ಹೇಳಿ ಅಂದರೆ ನಾವು ಇದನ್ನೇ ಹೇಳುತ್ತೇವೆ. ಅರಸರ ಚರಿತ್ರೆ ಬರೆದವರು ಉಂಟು, ಮಠಗಳ ಚರಿತ್ರೆ ಬರೆದವರು ಉಂಟು. ಆದರೆ ಭೂಮಿಯ ಕಾಗದ ಬರೆದವರು ಯಾರು, ಹೊತ್ತವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು ಅಂತ ಕೇಳಿದವರು ಕಡಿಮೆ.

ಉಡುಪಿ, ಕಾಪು, ಕಾರ್ಕಳದ ಹಳ್ಳಿಗಳು 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಹಳ್ಳಿಗೆ ಸರಕಾರ ಅಂದರೆ ಮೂರು ಜನ. ಪಟೇಲ ಕಂದಾಯ ವಸೂಲು ಮಾಡುವವ. ಶಾನುಭೋಗ ಲೆಕ್ಕ ಬರೆಯುವವ, ಅಡಂಗಲ್ ಇಡುವವ. ಉಗ್ರಾಣಿ ಇವರಿಬ್ಬರ ಹಿಂದೆ ಕಡತದ ಗಂಟು ಹೊತ್ತು ನಡೆಯುವವ. ಯಾವ ಗಡಿಕಲ್ಲು ಎಲ್ಲಿ ಉಂಟು, ಯಾವ ಗದ್ದೆಯನ್ನು ಯಾರು ಉಳುತ್ತಾರೆ, ಇದೆಲ್ಲ ಉಗ್ರಾಣಿಯ ಬಾಯಲ್ಲಿತ್ತು. ಆದರೆ ಬಾಯಲ್ಲಿದ್ದದ್ದು ದಾಖಲೆ ಆಗುವುದಿಲ್ಲ. ಶಾನುಭೋಗನ ಲೇಖನಿಯಿಂದ ಇಳಿದದ್ದು ಮಾತ್ರ ದಾಖಲೆ. ಆ ಲೇಖನಿ ಹೆಚ್ಚಾಗಿ ಮೇಲ್ಜಾತಿಯವರ ಕೈಯಲ್ಲಿತ್ತು.

ದಲಿತರು ಯಾಕೆ ಬರೆಯಲಿಲ್ಲ ಅಂತ ಕೇಳುವವರು ಈಗಲೂ ಇದ್ದಾರೆ. ಬರೆಯಲು ಕಲಿಸಿದವರು ಯಾರು ಸ್ವಾಮಿ? ಮಂಗಳೂರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆಂದು ಶಾಲೆ ತೆರೆದದ್ದು 1892ರಲ್ಲಿ. ಅದಕ್ಕಾಗಿ ಅವರ ಜಾತಿಯವರೇ ಅವರನ್ನು ಹೊರಗಿಟ್ಟರು. ಅಕ್ಷರವನ್ನು ಕಾವಲು ಹಾಕಿ ಕಾಯ್ದವರೇ ಆಮೇಲೆ ನಿಮ್ಮ ಹೆಸರು ಕಾಗದದಲ್ಲಿಲ್ಲ ಎಂದರು!

ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರದ್ದು. ಅದು 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆ ಹೋಯಿತು, ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಮೀಸಲಾತಿಯ ಬಾಗಿಲಿಂದ ದಲಿತರ ಮಕ್ಕಳೂ ಆ ಕುರ್ಚಿಗೆ ಬಂದರು. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಉಗ್ರಾಣಿಯ ಕಥೆ ಏನಾಯ್ತು? ಅವನಿಗೆ ಗ್ರಾಮ ಸಹಾಯಕ ಎಂಬ ಹೊಸ ಹೆಸರು ಬಂತು. ಬಯಲುಸೀಮೆಯ ತಳವಾರ, ತೋಟಿಯರಿಗೂ ಅದೇ ಹೆಸರು. ಹೆಸರು ಬದಲಾಯಿತು, ಕೈಗೆ ಸಿಕ್ಕದ್ದು ಸಂಬಳ ಅಲ್ಲ, ಗೌರವಧನ. ಗೌರವಧನ ಎನ್ನುವ ಶಬ್ದವನ್ನೇ ನೋಡಿ. ಧನ ಕೊಡಲು ಮನಸ್ಸಿಲ್ಲದಾಗ ಗೌರವವನ್ನು ಮುಂದೆ ಇಡುತ್ತಾರೆ. ನಮ್ಮನ್ನು ಡಿ ದರ್ಜೆ ನೌಕರರೆಂದು ಖಾಯಂ ಮಾಡಿ ಅಂತ ಅವರು ವರ್ಷವರ್ಷವೂ ಬೀದಿಗೆ ಇಳಿದಿದ್ದಾರೆ.

ದಾಖಲೆಯ ಬೆಲೆ ಎಷ್ಟೆಂದು ಕರಾವಳಿಗೆ ಚೆನ್ನಾಗಿ ಗೊತ್ತಾದದ್ದು 1974ರಲ್ಲಿ. ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವರು ಫಾರಂ ನಂಬರ್ 7 ಬರೆದು ಭೂ ನ್ಯಾಯಮಂಡಳಿಗೆ ಕೊಡಬೇಕು. ಮೂಲಗೇಣಿಯವರಲ್ಲಿ ಬರಹದ ಪತ್ರ ಇತ್ತು. ಚಾಲಗೇಣಿಯವರಲ್ಲಿ ಹೆಚ್ಚಿನವರಿಗೆ ಧಣಿಯ ಬಾಯಿಮಾತೇ ಗತಿ. ಹಾಗಾಗಿ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಕ್ಕಲಿನ ಹೆಸರು ಒಂದು ಸಾಲು ಇದ್ದರೆ ಅದೇ ದೊಡ್ಡ ಬಲ. ಸಾವಿರಾರು ಕುಟುಂಬಗಳು ಗದ್ದೆಯ ಒಡೆಯರಾದವು. ಆದರೆ ಮೂಲದಾಳಾಗಿ ದುಡಿದವನು ಗೇಣಿದಾರನೇ ಅಲ್ಲ. ಅದೇ ಗದ್ದೆಯಲ್ಲಿ ತಲೆಮಾರುಗಳಿಂದ ಬೆನ್ನು ಬಗ್ಗಿಸಿದ್ದರೂ ಅವನು ಯಾವ ಕಲಂನಲ್ಲೂ ಇರಲಿಲ್ಲ. ಅವನು ಫಾರಂನಲ್ಲಿ ಏನು ಬರೆಸಬೇಕಿತ್ತು?

ಇನ್ನೊಂದು ಕಾಗದ ಉಂಟು, ಡಿ.ಸಿ. ಮನ್ನಾ. ಇಲ್ಲಿ ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಭೂಮಿ ಅದು. ಅದರಲ್ಲಿ ಬೇಕಾದಷ್ಟು ಅನ್ಯರ ಪಾಲಾಗಿದೆ. ನಮ್ಮ ಸಂಘಟನೆಗಳು ಉಡುಪಿ, ಮಂಗಳೂರಿನ ಕಚೇರಿಗಳ ಮುಂದೆ ಕೂತು ಆ ಭೂಮಿಯನ್ನೇ ಕೇಳುತ್ತಿವೆ. ಹಳೆಯ ಪುಸ್ತಕದ ಆ ಪುಟವನ್ನು ಗೆದ್ದಲು ತಿಂದರೆ, ತೆಗೆದು ಕೊಡುವವನಿಗೆ ಓದಲು ಬಾರದಿದ್ದರೆ, ಹೋಗುವುದು ಯಾರ ಭೂಮಿ? ಆದ್ದರಿಂದ ದಾಖಲೆ ಕಾಯುವವರ ಸಂಬಳದ ಪ್ರಶ್ನೆ ನೌಕರರದು ಮಾತ್ರ ಅಲ್ಲ, ನಮ್ಮದೂ ಹೌದು.

ಕಂಪ್ಯೂಟರ್ ಬಂತು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಯಂತ್ರಕ್ಕೆ ಹೋದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು, ಇದು ಒಳ್ಳೆಯದೇ. ಯೋಜನೆಗೆ ದೇಶವಿದೇಶದಲ್ಲಿ ಹೊಗಳಿಕೆ. ಸಾಲುಸಾಲಾಗಿ ಟೈಪು ಮಾಡಿದವರು ಮಾತ್ರ ಗುತ್ತಿಗೆಯ ಹುಡುಗ ಹುಡುಗಿಯರು. 2018ರಲ್ಲಿ ಕಾಪು ಹೊಸ ತಾಲೂಕಾಯಿತು. ತಾಲೂಕು ಒಡೆದರೆ ಕಡತಗಳನ್ನೂ ಬೇರೆ ಮಾಡಬೇಕು, ಕಟ್ಟಬೇಕು, ಹೊರಬೇಕು. ಉದ್ಘಾಟನೆಯ ಕಲ್ಲಿನಲ್ಲಿ ಅಂಥವರ ಹೆಸರು ಕೆತ್ತುವ ಪದ್ಧತಿ ನಮ್ಮಲ್ಲಿಲ್ಲ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ವೀರಪಾಂಡ್ಯ ಅಂತ ಶಾಸನ ಹೇಳುತ್ತದೆ. ಕಲ್ಲು ಎಳೆದವರು ಯಾರು ಅಂತ ಹೇಳುವುದಿಲ್ಲ.

ಗ್ರಾಮ ಲೆಕ್ಕಿಗನೂ ಈಗ ಸುಖವಾಗಿಲ್ಲ. ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರು ಸಿಕ್ಕಿದೆ. ಹತ್ತಾರು ಮೊಬೈಲ್ ಆ್ಯಪ್‌ಗಳ ಕೆಲಸ ತಲೆ ಮೇಲೆ ಬಿದ್ದಿದೆ. ಕುರ್ಚಿ, ಮೇಜು, ಲ್ಯಾಪ್‌ಟಾಪ್ ಕೊಡಿ, ಕೆಲಸಕ್ಕೆ ತಕ್ಕ ವೇತನ ಕೊಡಿ ಅಂತ ಅವರು 2024ರ ಸೆಪ್ಟೆಂಬರಿನಲ್ಲೂ 2025ರ ಫೆಬ್ರವರಿಯಲ್ಲೂ ಮುಷ್ಕರ ಹೂಡಿದರು.

ಮಣಿಪಾಲದ ಕಡೆಗೂ ನೋಡೋಣ. ಅಲ್ಲಿ ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವುದನ್ನೇ ಪದವಿಯ ಪಾಠವಾಗಿ ಕಲಿಸುತ್ತಾರೆ. 2021ರ ಕೇಂದ್ರ ಕಾಯಿದೆ ಈ ವಿದ್ಯೆಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಮಾನ್ಯತೆ ಕಾಗದಕ್ಕೆ ಬಂದಿದೆ, ಸಂಬಳದ ಚೀಟಿಗೂ ಬರಬೇಕು. ಇದರಲ್ಲಿ ನಮಗೇನು ಅನ್ನಬೇಡಿ. ದೌರ್ಜನ್ಯದ ಕೇಸಿನಲ್ಲಿ ಗಾಯದ ಸರ್ಟಿಫಿಕೇಟು ಕಾಣೆಯಾದರೆ ಗಾಯವೇ ಇರಲಿಲ್ಲ ಅಂತ ವಾದಿಸಲು ವಕೀಲರು ಸಿದ್ಧ ಇರುತ್ತಾರೆ.

ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಹೇಳಿದೆ. ಗ್ರಾಮ ಸಹಾಯಕರಿಗೆ ಸಂಬಳ, ಪಿಂಚಣಿ ಬೇಕು. ಸ್ಕ್ಯಾನಿಂಗ್ ಮಾಡುವ ಗುತ್ತಿಗೆಯವರಿಗೆ ಖಾಯಂ ನೌಕರರ ವೇತನ ಬೇಕು. ಓದಿ ಬಂದವರಿಗೆ ಓದಿಗೆ ತಕ್ಕ ಹುದ್ದೆ ಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ಮಕ್ಕಳಿಗೆ ಪಹಣಿ ಓದುವುದನ್ನು ಕಲಿಸಿ. ಗೆಳೆಯರೆ, ನೀವು ನಿಮ್ಮ ಊರಿನ ಡಿ.ಸಿ. ಮನ್ನಾದ ಸರ್ವೆ ನಂಬರುಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಹೋದಾಗ ಕಡತ ಇಳಿಸಿ ಕೊಡುವ ಸಹಾಯಕನ ಹತ್ತಿರ ಅವನ ತಿಂಗಳ ಗೌರವಧನ ಬಂದಿದೆಯೇ ಅಂತಲೂ ಕೇಳಿ. ಅವರ ಮುಂದಿನ ಮುಷ್ಕರದ ದಿನ ನಾವು ಅವರ ಪಕ್ಕದಲ್ಲಿ ಕೂರಬೇಕಾಗಿದೆ.