ಹದಿನಾರು ಚೌಕದೊಳಗೆ ಹಲಗೆ

ಆದೋನಿ ಪೇಟೆಯಲ್ಲಿ ಗಣೇಶನನ್ನು ಬಿಡುವ ದಿನ ಮೆರವಣಿಗೆಯ ಹಿಂದೆ ನಡೆದವರಿಗೆ ಗೊತ್ತು: ಗಾಡಿಯ ಮೇಲೆ ಪೇರಿಸಿದ ಡಿಜೆ ಬಾಕ್ಸುಗಳ ಬೇಸು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಹಾಡು ತೆಲುಗಿನದಿರಬಹುದು, ಬೆಳಗಾವಿ ಕಡೆಯ ಡಿಜೆ ಜಾನಪದವಿರಬಹುದು, ಶರೀಫರ ತತ್ವಪದವೇ ಇರಬಹುದು. ಕೆಳಗಿನ ಹೊಡೆತ ಮಾತ್ರ ಒಂದೇ. ಈ ಹೊಡೆತ ಯಾರದು, ನಮ್ಮ ಕೈಗೆ ಹೇಗೆ ಬಂತು ಎಂಬುದಕ್ಕೆ ನಲವತ್ತು ವರ್ಷಗಳ ಕಥೆಯಿದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಕಚೇರಿ ಭಾಷೆ ಬದಲಾಯಿತು, ಭಜನೆಯ ಭಾಷೆ ಬದಲಾಗಲಿಲ್ಲ. ಮಂತ್ರಾಲಯದಲ್ಲಿ ದಾಸರ ಪದ, ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ರಿವಾಯತ್ ಪದ, ಹೊಳಗುಂದ ಸೀಮೆಯ ದೇವರಗುಡ್ಡದಲ್ಲಿ ಮಾಳಮಲ್ಲೇಶ್ವರನ ಡೊಳ್ಳು, ಎಲ್ಲವೂ ಉಳಿದವು. ಹಾಗಾಗಿ ಇಲ್ಲಿಯ ಕಿವಿಗೆ ಎರಡು ಕಡೆಯ ಗಾಳಿ: ಹೈದರಾಬಾದಿನ ತೀನ್‌ಮಾರ್ ಹೊಡೆತ ಒಂದು ಬದಿ, ತುಂಗಭದ್ರೆಯ ಆಚೆಯ ಕನ್ನಡ ಹಾಡು ಇನ್ನೊಂದು ಬದಿ.

ಯಂತ್ರದ ಕಥೆ ಬೇರೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ತಾಳಯಂತ್ರವೂ ಅದರ ಬೆನ್ನಿಗೆ ಬಂದ ಟಿಬಿ-303 ಬೇಸ್ ಯಂತ್ರವೂ ಅಂಗಡಿಯಲ್ಲಿ ಸೋತವು. ಮೂಲೆಗುಂಪಾದ ಆ ಪೆಟ್ಟಿಗೆಗಳನ್ನು ಅಮೆರಿಕದ ಚಿಕಾಗೋ, ಡೆಟ್ರಾಯಿಟ್ ನಗರಗಳ ಕಪ್ಪು ಹುಡುಗರು ಅಗ್ಗಕ್ಕೆ ಕೊಂಡು, ತಯಾರಕರು ಎಣಿಸಿಯೇ ಇರದ ಸದ್ದು ಹೊರಡಿಸಿದರು. ಹೌಸ್, ಟೆಕ್ನೊ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಹೀಗೆ.

ನಮ್ಮಲ್ಲಿ 1982 ಒಂದು ವಿಚಿತ್ರ ವರ್ಷ. ಆ ವರ್ಷ ‘ಡಿಸ್ಕೋ ಡ್ಯಾನ್ಸರ್’ ಬಂತು. ಬಪ್ಪಿ ಲಾಹಿರಿ ಫ್ರಾನ್ಸಿನ ಒಟ್ಟಾವನ್ ತಂಡದ ಧಾಟಿಯನ್ನೆತ್ತಿ ‘ಜಿಮ್ಮಿ ಜಿಮ್ಮಿ’ ಮಾಡಿದರು, ದೇಶವೇ ಕುಣಿಯಿತು. ಅದೇ ವರ್ಷ ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವೇ ರೋಲ್ಯಾಂಡ್ ಯಂತ್ರಗಳ ಮೇಲೆ ಭೈರವ, ಲಲಿತ ಮುಂತಾದ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಆ ತಟ್ಟೆಯನ್ನು ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಯುರೋಪಿನಲ್ಲಿ ಮರುಮುದ್ರಣವಾದಾಗ ಕೇಳುಗರು ಬೆಚ್ಚಿದರು: ಚಿಕಾಗೋದ ಹೌಸ್ ತಟ್ಟೆ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ, ಇವರು ಐದು ವರ್ಷ ಮೊದಲೇ ಆ ಬಗೆಯ ಸದ್ದು ತೆಗೆದಿದ್ದರು. ಎರವಲು ಇಬ್ಬರೂ ತಂದವರೇ. ಒಬ್ಬರು ಹಾಡನ್ನು ತಂದರು, ಇನ್ನೊಬ್ಬರು ಪೆಟ್ಟಿಗೆಯನ್ನು ಮಾತ್ರ ತಂದರು.

ಕನ್ನಡ ಸಿನಿಮಾ ಎರಡೂ ದಾರಿ ತುಳಿದಿದೆ. 1986ರ ‘ಆಫ್ರಿಕಾದಲ್ಲಿ ಶೀಲಾ’ಕ್ಕೆ ಬಪ್ಪಿಯವರನ್ನೇ ಕರೆತಂದು ಡಿಸ್ಕೋ ಹಾಕಿಸಿದರು. ಮರುವರ್ಷ ಹಂಸಲೇಖ ‘ಪ್ರೇಮಲೋಕ’ದಲ್ಲಿ ಸಿಂಥಸೈಜರ್ ಬಳಸಿಯೂ ಬೀದಿಯ ಆಡುಮಾತನ್ನು ಪಲ್ಲವಿಗೆ ತಂದರು. ಈಚೆಗೆ ‘ಸಲಗ’ಕ್ಕಾಗಿ (2021) ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಕಲಾವಿದರನ್ನೇ ಹಾಡಲು ಕರೆದರು.

ನಮ್ಮ ಸೀಮೆಗೆ ಯಂತ್ರ ಮೊದಲು ಬಂದದ್ದು ಆರ್ಕೆಸ್ಟ್ರಾಗಳ ಪ್ಯಾಡ್ ರೂಪದಲ್ಲಿ. ಪ್ಯಾಡ್ ಬಡಿಯುವವನಿಗೆ ಕೈ ಇತ್ತು. ಹಾಡುವವನು ಎಳೆದರೆ ಅವನೂ ಎಳೆಯುತ್ತಿದ್ದ. ಆಮೇಲೆ ಲ್ಯಾಪ್‌ಟಾಪ್ ಬಂತು. ಎಫ್‌ಎಲ್ ಸ್ಟುಡಿಯೋ ತೆರೆದರೆ ಎದುರಿಗೆ ಹದಿನಾರು ಚೌಕಗಳ ಸಾಲು. ನಾಲ್ಕಕ್ಕೊಂದು ಚೌಕ ಒತ್ತಿದರೆ ಕುಣಿತದ ಹೊಡೆತ ಸಿದ್ಧ. ಮೇಲೆ ಯಾವುದೋ ಮುದುಕ ಹಾಡಿದ ತತ್ವಪದದ ದನಿ ಅಂಟಿಸಿದರೆ ‘ಡಿಜೆ ಮಿಕ್ಸ್’. ಅಂಟಿಸುವಾಗ ಮುದುಕನ ಉಸಿರು ಚೌಕಕ್ಕೆ ಹೊಂದುವುದಿಲ್ಲ. ಹುಡುಗರು ಉಸಿರನ್ನೇ ಕತ್ತರಿಸುತ್ತಾರೆ. ನನ್ನ ತಕರಾರು ಬೇಸಿನ ಮೇಲಲ್ಲ, ಈ ಕತ್ತರಿಯ ಮೇಲೆ.

ಚೌಕಕ್ಕೆ ಹೊಂದದ್ದು ಉಸಿರೊಂದೇ ಅಲ್ಲ, ತಾಳವೂ. ಆಲೂರಿನ ಬದಿಯ ಚಿಪ್ಪಗಿರಿಯಲ್ಲಿ 1755ರಲ್ಲಿ ದೇಹವಿಟ್ಟ ವಿಜಯದಾಸರು ಸುಳಾದಿಗಳಿಗೆ ಹೆಸರಾದವರು. ಸುಳಾದಿಯೆಂದರೆ ಒಂದೇ ರಚನೆಯೊಳಗೆ ಧ್ರುವ, ಮಟ್ಯ, ಝಂಪೆ, ತ್ರಿಪುಟ, ಅಟ್ಟ ಎಂದು ತಾಳ ಬದಲಾಗುತ್ತ ಹೋಗುವ ಹಾಡು. ಝಂಪೆಗೆ ಹತ್ತು ಅಕ್ಷರ. ಹದಿನಾರು ಚೌಕಕ್ಕೆ ಸೇರದು. ಯಂತ್ರ ಒಲ್ಲೆ ಎನ್ನುವುದಿಲ್ಲ, ಚೌಕದ ಲೆಕ್ಕ ಬದಲಿಸಬಹುದು. ಬದಲಿಸುವವರಿಲ್ಲ, ಅಷ್ಟೆ.

ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವಾಗಲೂ ಲಯ ಬದಲಾಗುತ್ತದೆ. ಹಲಗೆಯವನ ಕಣ್ಣು ಕುಣಿಯುವವರ ಕಾಲಿನ ಮೇಲೆ. ಕಾಲು ಕಾವೇರಿದಂತೆ ಅವನು ಲಯ ಏರಿಸುತ್ತಾನೆ, ದಣಿದರೆ ಇಳಿಸುತ್ತಾನೆ. ಡಿಜೆ ಟ್ರ್ಯಾಕು ಶುರುವಾದ ವೇಗದಲ್ಲೇ ಮುಗಿಯುತ್ತದೆ. ಅಲ್ಲಿ ಕಾಲೇ ಯಂತ್ರದ ಮಾತು ಕೇಳಬೇಕು.

ಟ್ರ್ಯಾಕ್ ಕಟ್ಟುವ ತಮ್ಮಂದಿರಿಗೆ ಒಂದು ಮಾತು. ಬರುವ ಅಲಾಯಿ ಹಬ್ಬಕ್ಕೆ ನಿಮ್ಮೂರಿನ ಹಲಗೆಯವನ ಪಕ್ಕ ಮೊಬೈಲ್ ಇಟ್ಟು ಒಂದು ಸುತ್ತಿನ ಕುಣಿತ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಅವನ ಕೈಗೆ ಅವನ ಕೂಲಿ ಕೊಡಿ. ಬೇಸು ಆಮೇಲೆ ಹಾಕಿ, ಅವನ ಹೊಡೆತ ಬಿದ್ದಲ್ಲಿ ಹಾಕಿ.