ಗ್ರಾಫ್ ಹಾಳೆ ಶಾಲೆಗೆ ಬಂದದ್ದು ಯಾಕೆ?

ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಯಲ್ಲಿ ಗ್ರಾಫ್ ಹಾಳೆ ಇದ್ದೇ ಇರುತ್ತದೆ. ಎಕ್ಸ್‌ಗೆ ಒಂದೊಂದೇ ಬೆಲೆ ಹಾಕು, ವೈ ಕಂಡುಹಿಡಿ, ಕೋಷ್ಟಕ ಬರಿ, ಚುಕ್ಕೆ ಇಡು, ಗೆರೆ ಎಳೆ. ಇಷ್ಟು ಮಾಡಿದರೆ ಅಂಕ ಗ್ಯಾರಂಟಿ ಎನ್ನುತ್ತಾರೆ ಮೇಷ್ಟ್ರು. ಆದರೆ ಈ ಪಾಠ ಶುರುವಾದದ್ದು ಅಂಕಕ್ಕಾಗಿ ಅಲ್ಲ.

ಕೋಷ್ಟಕ ಬಹಳ ಹಳೆಯದು. ಸುಮಾರು 4000 ವರ್ಷಗಳ ಹಿಂದೆಯೇ ಬ್ಯಾಬಿಲೋನಿನವರು ವರ್ಗ, ಘನಗಳ ಕೋಷ್ಟಕಗಳನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿದ್ದರು. ಸಮೀಕರಣಕ್ಕೂ ಗೆರೆಗೂ ನಂಟು ಬೆಸೆಯಲು ಮಾತ್ರ ಬಹಳ ಕಾಲ ಹಿಡಿಯಿತು. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಅದನ್ನು ಪುಸ್ತಕದಲ್ಲಿ ತೋರಿಸಿದ. ಅದೇ ಕಾಲದಲ್ಲಿ ಪಿಯರ್ ಫರ್ಮಾ ಕೂಡ ಇದೇ ದಾರಿ ಹಿಡಿದಿದ್ದ. 1704ರಲ್ಲಿ ನ್ಯೂಟನ್ ಘನ ಸಮೀಕರಣಗಳಿಂದ ಬರುವ 72 ಬಗೆಯ ವಕ್ರರೇಖೆಗಳನ್ನು ಪಟ್ಟಿ ಮಾಡಿ ಪ್ರಕಟಿಸಿದ. ಇದೆಲ್ಲ ಪಂಡಿತರ ಲೋಕದ ಮಾತು.

ಇದನ್ನು ಸಾಮಾನ್ಯರ ಕೈಗೆ ಕೊಡಬೇಕೆಂದು ಹಟ ಹಿಡಿದವರಲ್ಲಿ ಜಾನ್ ಪೆರಿ ಮುಖ್ಯ. ಐರ್ಲೆಂಡಿನ ಈ ಎಂಜಿನಿಯರ್ 1875ರಿಂದ ಕೆಲವು ವರ್ಷ ಜಪಾನಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಪಾಠ ಮಾಡಿದರು. ಆಗ ಇಂಗ್ಲೆಂಡಿನ ಶಾಲೆಗಳಲ್ಲಿ ಯೂಕ್ಲಿಡ್‌ನ ಪ್ರಮೇಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಯಂತ್ರದ ಜೊತೆ ದುಡಿಯುವವನಿಗೆ ಅದರಿಂದೇನು ಲಾಭ? ಹೊರೆ ಎಷ್ಟು ಹೆಚ್ಚಿದರೆ ಉಗಿ ಎಷ್ಟು ಬೇಕೆಂದು ಅಳೆದು, ಕೋಷ್ಟಕ ಮಾಡಿ, ಚೌಕಳಿ ಹಾಳೆಯಲ್ಲಿ ಚುಕ್ಕೆ ಇಟ್ಟರೆ ನಿಯಮ ಕಣ್ಣಿಗೇ ಕಾಣುತ್ತದೆ. 1901ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ವಿಜ್ಞಾನಿಗಳ ಸಭೆಯಲ್ಲಿ ಪೆರಿ ಇಂಥ ಗಣಿತಕ್ಕಾಗಿ ವಾದಿಸಿದರು. ಮರುವರ್ಷ ಅಮೆರಿಕದ ಗಣಿತಜ್ಞ ಇ. ಎಚ್. ಮೂರ್ ಕೂಡ ದನಿಗೂಡಿಸಿದರು. ಗ್ರಾಫ್ ಮೆಲ್ಲಗೆ ಶಾಲೆಯ ಪಾಠವಾಯಿತು.

ಬಾಯಿಪಾಠ ಬಿಡಿಸಲು ಬಂದ ಗ್ರಾಫ್ ಈಗ ತಾನೇ ಬಾಯಿಪಾಠವಾಗಿದೆ. ಬೇಕಾದರೆ ಮನೆಯಲ್ಲೇ ಪರೀಕ್ಷಿಸಿ. ವೈ ಎಂದರೆ ಎಕ್ಸ್‌ನ ವರ್ಗ ಎಂದುಕೊಳ್ಳಿ. ಎಕ್ಸ್ 0, 1, 2 ಆದಾಗ ವೈ 0, 1, 4. ಮೂರು ಚುಕ್ಕೆ ಇಡಲು ಹೇಳಿ. ಸ್ಕೇಲು ಹಿಡಿದು ಸೇರಿಸಿದರೆ, ಎಕ್ಸ್ ಅರ್ಧ ಇರುವಲ್ಲಿ ವೈ ಕೂಡ ಅರ್ಧ ಎಂದು ಗೆರೆ ಹೇಳುತ್ತದೆ. ಆದರೆ ಅರ್ಧದ ವರ್ಗ ಕಾಲು! ಅಂದರೆ ಗೆರೆ ನೇರವಲ್ಲ, ಬಾಗಬೇಕು.

ಕೋಷ್ಟಕ ತಿಳಿಸುವುದು ಚುಕ್ಕೆಗಳನ್ನು ಮಾತ್ರ. ನಡುವೆ ಏನಿದೆ ಎಂದು ಇನ್ನೊಂದು ಬೆಲೆ ಹಾಕಿ ನೋಡಬೇಕು. ಹಾಗೆ ನೋಡುವ ಮಗು ಪಾಠ ಕಲಿತಿದೆ. ನೋಡದ ಮಗುವಿಗೆ ಸಿಕ್ಕಿರುವುದು ಅಂಕ ಮಾತ್ರ.