ಒಂದು ಚಿತ್ರ, ಮೂರು ನೋಟ

ಒಂದೇ ಚಲಚ್ಚಿತ್ರವನ್ನು ಮೂರು ಸಲ ನೋಡಿ, ಮೂರು ಸಲವೂ ಬೇರೆ ಬೇರೆ ಅಭಿಪ್ರಾಯ ಹೊತ್ತು ಎದ್ದುಬಂದವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ವಾಚಕರೇ ನಿರ್ಧರಿಸಲಿ. ಆದರೆ ಆ ಚಿತ್ರ ‘ಗಾನ್ ವಿತ್ ದಿ ವಿಂಡ್’ ಆಗಿರುವುದರಿಂದ ನನ್ನ ಅಪರಾಧ ಅಷ್ಟೇನೂ ದೊಡ್ಡದಲ್ಲ. 1939ರಲ್ಲಿ ತೆರೆ ಕಂಡಂದಿನಿಂದ ಇಂದಿನವರೆಗೆ ಅದನ್ನು ನೋಡಿದವರು ಒಂದು ಮಾತಿಗೆ ಬಂದದ್ದೇ ಇಲ್ಲ.

ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ, ದಂಡಿನ ಕಡೆಯ ಚಿತ್ರಮಂದಿರವೊಂದರ ಬೆಳಗಿನ ಆಟದಲ್ಲಿ. ಸುಮಾರು ನಾಲ್ಕು ಗಂಟೆಯ ಚಿತ್ರ; ಹೊಟ್ಟೆ ಹಸಿದದ್ದೂ ತಿಳಿಯಲಿಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧದ ಕಾಲ. ಜಾರ್ಜಿಯಾದ ಹತ್ತಿಯ ತೋಟದೊಡೆಯನ ಮಗಳು ಸ್ಕಾರ್ಲೆಟ್, ಪರಸ್ತ್ರೀಯ ಗಂಡನಾದ ಆಶ್ಲಿಗಾಗಿ ಹಂಬಲಿಸುತ್ತ, ತನ್ನನ್ನು ನಿಜವಾಗಿ ಪ್ರೀತಿಸಿದ ರೆಟ್ ಬಟ್ಲರನನ್ನು ಅವನು ಬಾಗಿಲು ದಾಟುವವರೆಗೂ ಗುರುತಿಸದೆ ಹೋಗುತ್ತಾಳೆ. ನಾಯಕಿ ವಿವಿಯನ್ ಲೀ 1913ರಲ್ಲಿ ನಮ್ಮ ಡಾರ್ಜಿಲಿಂಗಿನಲ್ಲಿ ಹುಟ್ಟಿದವಳೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ನಾನಂತೂ ಕ್ಲಾರ್ಕ್ ಗೇಬಲನಂತೆ ಒಂದೇ ಹುಬ್ಬು ಏರಿಸಲು ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಇದಕ್ಕಿಂತ ದೊಡ್ಡ ಪ್ರೇಮಕಥೆ ಇಲ್ಲವೆಂಬುದು ಆಗಿನ ನನ್ನ ತೀರ್ಪು.

ಹಾಗೆ ಮರುಳಾದವನು ನಾನೊಬ್ಬನೇ ಅಲ್ಲ. ಮಾರ್ಗರೆಟ್ ಮಿಚೆಲ್ 1936ರಲ್ಲಿ ಪ್ರಕಟಿಸಿದ ಕಾದಂಬರಿಗೆ ಮರುವರ್ಷವೇ ಪುಲಿಟ್ಜರ್ ಬಹುಮಾನ ಬಂತು. ಅದನ್ನು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಬಣ್ಣದಲ್ಲಿ ತೆರೆಗೆ ತಂದಾಗ, ಎರಡು ಗೌರವ ಪ್ರಶಸ್ತಿಗಳೂ ಸೇರಿ ಹತ್ತು ಆಸ್ಕರ್‌ಗಳು ದೊರೆತವು. ಜರ್ಮನ್ ಬಾಂಬುಗಳು ಬೀಳುತ್ತಿದ್ದ ಲಂಡನ್ನಿನಲ್ಲಿ ಚಿತ್ರ 1940ರಿಂದ ನಾಲ್ಕು ವರ್ಷ ಓಡಿತು. ಸುಟ್ಟ ಊರು, ಬರಿದಾದ ಕಣಜ, ಇನ್ನು ಹಸಿದಿರಲಾರೆನೆಂದು ಮಣ್ಣು ಹಿಡಿದು ಆಣೆಯಿಡುವ ಹೆಣ್ಣು — ಇವೆಲ್ಲ ಆ ಪ್ರೇಕ್ಷಕರಿಗೆ ಪರದೇಶದ ಕಥೆಯಾಗಿ ಕಂಡಿರಲಾರದು.

ಎರಡನೆಯ ಸಲ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಮನೆಯಲ್ಲಿ, ದೂರದರ್ಶನದ ಪೆಟ್ಟಿಗೆಯ ಮುಂದೆ, ಮಡದಿಯೊಡನೆ. ಕುಡಿದ ರೆಟ್ ಬಟ್ಲರ್ ಬಿಡಿಸಿಕೊಳ್ಳಲು ಒದ್ದಾಡುವ ಹೆಂಡತಿಯನ್ನು ಎತ್ತಿಕೊಂಡು ಕೆಂಪು ಹಾಸಿನ ಮೆಟ್ಟಿಲೇರುವ ದೃಶ್ಯ ಬಂತು. ನಾವು ಕಾಲೇಜಿನಲ್ಲಿ ಸಿಳ್ಳೆ ಹೊಡೆದ ದೃಶ್ಯ. ಮರುದಿನ ಬೆಳಿಗ್ಗೆ ಸ್ಕಾರ್ಲೆಟ್ ಹಾಸಿಗೆಯಲ್ಲಿ ನಗುನಗುತ್ತ ಹಾಡಿಕೊಳ್ಳುತ್ತಾಳೆ. ನನ್ನಾಕೆ ನಗಲಿಲ್ಲ. “ಅಲ್ಲಾ ರೀ, ಅಷ್ಟು ಗುದ್ದಿ ಬಿಡಿಸಿಕೊಳ್ಳೋಕೆ ನೋಡಿದಳಲ್ಲ, ಆ ನಗುವನ್ನು ಯಾರು ಬರೆದು ಕೊಟ್ಟರು ಅವಳಿಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು. ಬ್ರಿಟನ್ನಿನ ಹೆಲೆನ್ ಟೇಲರ್ ಈ ಚಿತ್ರದ ಮಹಿಳಾ ಅಭಿಮಾನಿಗಳನ್ನು ಕುರಿತೇ 1989ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸ್ಕಾರ್ಲೆಟ್‌ಳನ್ನು ಮೆಚ್ಚುವ ಹೆಂಗಸರಲ್ಲೇ ಆ ಮೆಟ್ಟಿಲಿನ ರಾತ್ರಿಯನ್ನು ಕುರಿತು ಒಮ್ಮತವಿಲ್ಲ. ಕೆಲವರಿಗೆ ಅದು ಪ್ರಣಯ, ಕೆಲವರಿಗೆ ಬಲಾತ್ಕಾರ.

ಮೂರನೆಯ ನೋಟಕ್ಕೆ ಕಾರಣ ಒಂದು ಪುಸ್ತಕ. ಅಮೆರಿಕದ ಕಪ್ಪುಜನರ ಮುಂದಾಳು ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಈ ಚಿತ್ರವನ್ನು ನೆನೆಯುತ್ತಾರೆ. ಮಿಷಿಗನ್ನಿನ ಚಿಕ್ಕ ಊರೊಂದರಲ್ಲಿ, ತುಂಬಿದ ಚಿತ್ರಮಂದಿರದಲ್ಲಿ ಕಪ್ಪು ಹುಡುಗನೆಂದರೆ ಅವರೊಬ್ಬರೇ. ಬಟರ್‌ಫ್ಲೈ ಮೆಕ್ವೀನ್ ಎಂಬ ನಟಿ ಪೆದ್ದು ಕೆಲಸದಾಳಾಗಿ ತೆರೆಯ ಮೇಲೆ ಬಂದಾಗ, ನೆಲದ ಹಾಸಿನಡಿ ನುಸುಳಿ ಅವಿತುಕೊಳ್ಳಬೇಕೆನಿಸಿತಂತೆ. ಅದನ್ನೋದಿದಾಗ ನನ್ನ ಬೆಳಗಿನ ಆಟ ನೆನಪಾಯಿತು. ಆ ಪಾತ್ರ ಬಂದಾಗ ನಾನು ಮನಸಾರೆ ನಕ್ಕಿದ್ದೆ.

ಮತ್ತೆ ನೋಡಿದೆ. ಈ ಸಲ ಕಣ್ಣಿಗೆ ಬಿದ್ದದ್ದು ನಾಯಕ ನಾಯಕಿಯರ ಹಿಂದೆ ನಿಂತವರು. ಹತ್ತಿ ಬಿಡಿಸುವವರು, ಕುಪ್ಪಸದ ದಾರ ಬಿಗಿಯುವವರು, ಮಲಗಿದ ಹುಡುಗಿಯರಿಗೆ ಗಾಳಿ ಬೀಸುವ ಮಕ್ಕಳು. ಎಲ್ಲರೂ ಕೊಂಡು ತಂದ ಗುಲಾಮರು. ಆದರೆ ಚಿತ್ರದಲ್ಲಿ ಅವರಿಗೆ ಒಡೆಯನ ಚಿಂತೆಯಲ್ಲದೆ ಬೇರೆ ಚಿಂತೆಯಿಲ್ಲ. ಗುಲಾಮಗಿರಿಯ ಆ ಲೋಕ ಅಳಿದುದಕ್ಕೆ ಕಣ್ಣೀರು ಮಾತ್ರ ಧಾರಾಳ.

ಇದು ಈಗಿನ ಕಾಲದ ಅತಿಸೂಕ್ಷ್ಮತೆ ಎನ್ನುವವರುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ಚಿತ್ರ ತಯಾರಾಗುತ್ತಿದ್ದಾಗಲೇ ಕಪ್ಪುಜನರ ಪತ್ರಿಕೆಗಳು ಪ್ರತಿಭಟಿಸಿದವು. ಅವರ ಜನಾಂಗವನ್ನು ಹೀನಾಯವಾಗಿ ಕರೆಯುವ ಶಬ್ದವನ್ನು ಸೆಲ್ಜ್‌ನಿಕ್ ಸಂಭಾಷಣೆಯಿಂದ ತೆಗೆಯಬೇಕಾಯಿತು. ಕಾದಂಬರಿಯಲ್ಲಿದ್ದ ಕು ಕ್ಲಕ್ಸ್ ಕ್ಲಾನಿನ ಹೆಸರೂ ತೆರೆಗೆ ಬರಲಿಲ್ಲ. 1939ರ ಡಿಸೆಂಬರ್ 15ರಂದು ಅಟ್ಲಾಂಟಾದ ಲೋಯೀಸ್ ಗ್ರ್ಯಾಂಡ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನವಾದಾಗ ಜಾರ್ಜಿಯಾಕ್ಕೆಲ್ಲ ರಜೆ. ಆದರೆ ಸ್ಕಾರ್ಲೆಟ್‌ಳ ದಾದಿ ಮ್ಯಾಮಿಯಾಗಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ ಅಲ್ಲಿಗೆ ಬರುವಂತಿರಲಿಲ್ಲ. ಬಿಳಿಯರ ಸಾಲಿನಲ್ಲಿ ಕಪ್ಪು ನಟಿಗೆ ಆಸನವಿರಲಿಲ್ಲ. ಹಿಂದಿನ ರಾತ್ರಿಯ ಸಂತೋಷಕೂಟದಲ್ಲಿ ಗುಲಾಮರ ವೇಷ ತೊಟ್ಟು ಹಾಡಿದ ಚರ್ಚಿನ ಮೇಳದಲ್ಲಿ ಹತ್ತು ವರ್ಷದ ಬಾಲಕನೊಬ್ಬನಿದ್ದ. ಅವನೇ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಎಂದು ಜಗತ್ಪ್ರಸಿದ್ಧನಾದ.

ಕಪ್ಪುಜನರಲ್ಲೂ ಒಮ್ಮತವಿರಲಿಲ್ಲವೆಂಬುದನ್ನು ಮರೆಯಬಾರದು. ನಾಟಕಕಾರ ಕಾರ್ಲ್ಟನ್ ಮಾಸ್ 1940ರ ಆರಂಭದಲ್ಲೇ ಸೆಲ್ಜ್‌ನಿಕ್‌ಗೆ ಬಹಿರಂಗ ಪತ್ರ ಬರೆದು, ಕಪ್ಪು ಪಾತ್ರಗಳೆಲ್ಲ ಹಳಸಿದ ಅಚ್ಚುಗಳೆಂದು ಖಂಡಿಸಿದರು. ಅದೇ ಫೆಬ್ರವರಿ 29ರಂದು ಹ್ಯಾಟಿ ಮೆಕ್‌ಡೇನಿಯಲ್‌ಗೆ ಶ್ರೇಷ್ಠ ಪೋಷಕ ನಟಿಯ ಆಸ್ಕರ್ ಬಂದಾಗ ಹಿಗ್ಗಿದವರೂ ಆ ಜನರೇ. ಆ ಜನಾಂಗಕ್ಕೆ ದೊರೆತ ಮೊತ್ತಮೊದಲ ಆಸ್ಕರ್ ಅದು. ಅದನ್ನು ಪಡೆಯಲು ಆಕೆ, ಕಪ್ಪುಜನರಿಗೆ ಪ್ರವೇಶವಿಲ್ಲದ ಹೋಟೆಲಿನಲ್ಲಿ ವಿಶೇಷ ಅನುಮತಿಯಿಂದ, ಚಿತ್ರದ ಉಳಿದ ತಾರೆಯರಿಂದ ದೂರ, ಗೋಡೆಯ ಬದಿಯ ಪುಟ್ಟ ಮೇಜಿನಿಂದ ಎದ್ದು ಬಂದರು. 1952ರಲ್ಲಿ ತೀರಿಕೊಂಡಾಗ ಅವರು ಬಯಸಿದ್ದ ಹಾಲಿವುಡ್ ಸ್ಮಶಾನವೂ ಜಾಗ ಕೊಡಲಿಲ್ಲ.

2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ಕೋಲಾಹಲದ ನಡುವೆ, ಎಚ್‌ಬಿಓ ಮ್ಯಾಕ್ಸ್ ಸಂಸ್ಥೆ ಚಿತ್ರವನ್ನು ತನ್ನ ಪಟ್ಟಿಯಿಂದ ತೆಗೆಯಿತು. ತೆಗೆದೊಡನೆ ಅದು ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗತೊಡಗಿತು! ಎರಡು ವಾರಗಳಲ್ಲೇ ಚಲಚ್ಚಿತ್ರ ವಿದ್ವಾಂಸೆ ಜಾಕ್ವೆಲಿನ್ ಸ್ಟುವರ್ಟ್ ಅವರ ಪೀಠಿಕೆಯೊಡನೆ ಚಿತ್ರ ಮರಳಿತು. ಒಂದು ಚೂರೂ ಕತ್ತರಿಸಲಿಲ್ಲ. ನನಗೆ ಇದು ಸರಿಯೆನಿಸುತ್ತದೆ. ಬಚ್ಚಿಟ್ಟರೆ ಸುಳ್ಳು ಹೇಳಿದವರ ಗುರುತೂ ಅಳಿಯುತ್ತದೆ, ಆ ಸುಳ್ಳಿನ ನಡುವೆ ನಿಂತು ದುಡಿದವರ ಗುರುತೂ ಅಳಿಯುತ್ತದೆ.

ಈಗ ಚಿತ್ರ ನೆನೆದಾಗ ನನ್ನ ಕಣ್ಮುಂದೆ ಬರುವುದು ಅದೇ ಮೆಟ್ಟಿಲುಸಾಲು. ಆದರೆ ರೆಟ್ ಬಟ್ಲರ್ ಏರುವುದಲ್ಲ. ಆ ದಂಪತಿಗಳ ಮಗು ಸತ್ತ ಮೇಲೆ, ಮ್ಯಾಮಿ ಆಶ್ಲಿಯ ಹೆಂಡತಿ ಮೆಲನಿಯನ್ನು ಕರೆದುಕೊಂಡು, ಆ ಮನೆಯ ದುಃಖವನ್ನೆಲ್ಲ ಹೇಳಿಕೊಂಡು ಅಳುತ್ತ, ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಹತ್ತು ಆಸ್ಕರ್‌ಗಳ ಚಿತ್ರದಲ್ಲಿ ಇದಕ್ಕೆ ಸಮನಾದ ಅಭಿನಯ ಇನ್ನೊಂದಿಲ್ಲವೆಂದು ನನ್ನ ಮತ. ಕಾಲೇಜಿನ ದಿನ ಈ ದೃಶ್ಯ ಬಂದಾಗ ನಾನೇನು ಮಾಡುತ್ತಿದ್ದೆನೆಂದು ಜ್ಞಾಪಿಸಿಕೊಳ್ಳಲು ನೋಡುತ್ತೇನೆ. ಪ್ರಾಯಶಃ ನಾಯಕ ಮತ್ತೆ ಯಾವಾಗ ಬರುತ್ತಾನೆಂದು ಕಾಯುತ್ತಿದ್ದೆ.